ಮಗನ ಖೋಲಿ ಬಾಡಿಗೆ ಯಾವ ಬೆಳೆಯ ಖರ್ಚು?



2022ರ ಮುಂಗಾರಿನಲ್ಲಿ ನಾನು ಸೊಸೈಟಿಯಿಂದ ತೆಗೆದ ಸಾಲದ ಮುಂದೆ 'ಭತ್ತದ ಬೆಳೆಸಾಲ' ಎಂದು ಬರೆದಿದೆ. ಅದು ಸುಳ್ಳು. ಬರೆದುಕೊಂಡವರ ಸುಳ್ಳಲ್ಲ, ನನ್ನ ಸುಳ್ಳು. ಆ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ದೇಸೂರಿನ ಗದ್ದೆಗೆ ಬೀಳಲಿಲ್ಲ, ಬೆಂಗಳೂರಿಗೆ ಹೋಯಿತು. ಅಲ್ಲಿ ಅದು ಕಾಲೇಜಿನ ಫೀ ಆಯಿತು, ಖೋಲಿಯ ಮುಂಗಡ ಆಯಿತು, ಒಂದು ಗಾದಿ, ಒಂದು ಬಕೀಟು ಆಯಿತು.

ಮನೆಯ ಮಾತನ್ನು ಹೀಗೆ ಹೊರಗೆ ಹಾಕಬೇಕೆ ಎಂದು ನೀವು ಕೇಳಬಹುದು. ಹಾಕಲೇಬೇಕು. ಯಾಕಂದ್ರ ಇದು ನನ್ನೊಬ್ಬನ ಮನೆಯ ಮಾತಲ್ಲ. ಬೀಜ ಗೊಬ್ಬರದ ಹೆಸರಿನಲ್ಲಿ ತಂದು ಮಕ್ಕಳ ಕಾಲೇಜಿಗೆ ಕಟ್ಟಿದ ಸಾಲ ಪ್ರತಿ ಊರಿನಲ್ಲೂ ಇದೆ. ಸಾಲ ಬಾಕಿ ಉಳಿದಾಗ ಪೇಟೆಯವರು ಏನನ್ನುತ್ತಾರೆ? ರೈತರು ಲಗ್ನಕ್ಕೆ, ಜಾತ್ರೆಗೆ ಹಾಳು ಮಾಡಿದರು ಅನ್ನುತ್ತಾರೆ. ಈ ಮಾತಿಗೆ ನಾವೇ ಲೆಕ್ಕ ತೆಗೆದು ಉತ್ತರ ಕೊಡಬೇಕು.

ನನ್ನದು ನಾಲ್ಕು ಎಕರೆ. ಮೂರು ಎಕರೆಯಲ್ಲಿ ಭತ್ತ, ಅದು ಕೊಯ್ದ ಮೇಲೆ ಮಸೂರಿ, ವಟಾಣಿ. ಉಳಿದ ತುಂಡಿನಲ್ಲಿ ಗೆಣಸು. ಮಗ ಪಿಯುಸಿ ಪಾಸಾದ. ಬೆಳಗಾವಿ ನಮಗೆ ಕೂಗಳತೆಯಲ್ಲೇ ಇದೆ, ಅಲ್ಲಿ ಕಾಲೇಜಿಗೆ ಬರವಿಲ್ಲ. ಅಲ್ಲೇ ಕಲಿ ಅಂದೆ. ಅವನಂದ: "ಅಪ್ಪಾ, ಉದ್ಯಮಬಾಗದಾಗ ಕೆಲಸಕ್ಕ ನಿಂತ್ರ ಕಾಲೇಜ ಬಿಡಬೇಕಾಗತೈತಿ. ಬೆಂಗಳೂರಾಗ ರಾತ್ರಿ ಪಾಳಿ ಕೆಲಸ ಸಿಗತಾವಂತ. ರಾತ್ರಿ ದುಡೀತೇನಿ, ಹಗಲಿ ಕಲೀತೇನಿ. ನಿಮಗ ಭಾರ ಆಗೂದಿಲ್ಲ."

ಭಾರ ಆಗುವದಿಲ್ಲ ಅನ್ನುವ ಮಾತು ಕೇಳಿ ನಾನು ಖುಷಿಪಟ್ಟೆ. ಈಗ ನೆನಸಿದರೆ ನಾಚಿಕೆ ಆಗುತ್ತದೆ. ಒಂದು ರಾತ್ರಿ ಬೆಳಗಾವಿ ಸ್ಟೇಶನ್ನಿನಲ್ಲಿ ಅವನನ್ನು ರಾಣಿ ಚನ್ನಮ್ಮ ಗಾಡಿಗೆ ಹತ್ತಿಸಿದೆವು. ಆ ಗಾಡಿ ನಮ್ಮೂರ ಮೇಲೆಯೇ ಹಾಯ್ದು ಖಾನಾಪುರ, ಲೋಂಡಾ ಕಡೆಗೆ ಹೋಗುತ್ತದೆ. ನಾವು ಮನೆ ಮುಟ್ಟುವ ಮೊದಲೇ ಅವನು ನಮ್ಮೂರು ದಾಟಿದ್ದ.

ಒಂದು ಪಾರ್ಸಲ್ ಗೋದಾಮಿನಲ್ಲಿ ಕೆಲಸ ಹತ್ತಿತು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ. ಒಂಬತ್ತೂವರೆಗೆ ಕಾಲೇಜು. ನಡುವೆ ಬಸ್ಸು, ಸ್ನಾನ, ನಾಷ್ಟಾ. ನಿದ್ದೆ ಎಲ್ಲಿ? ಕ್ಲಾಸಿನಲ್ಲಿ, ಇಲ್ಲವೆ ಕ್ಲಾಸು ಬಿಟ್ಟು ಖೋಲಿಯಲ್ಲಿ. ನೂರಕ್ಕೆ 75 ಹಾಜರಿ ಬೇಕು, ಅವನದು ತುಂಬಲಿಲ್ಲ. ಪರೀಕ್ಷೆಗೆ ಕೂಡ್ರಿಸಲಿಲ್ಲ. ಒಂದು ವರ್ಷ ಹಿಂದೆ ಬಿದ್ದ. ನಮಗೆ ತಿಳಿಸಲಿಲ್ಲ. ಭತ್ತದ ಸುಗ್ಗಿಗೆ ಊರಿಗೆ ಬಂದವನು ರಾಶಿಯ ಬದಿಯಲ್ಲಿ ನಿಂತಲ್ಲೇ ತೂಕಡಿಸುವದನ್ನು ನೋಡಿ ಅವರವ್ವ ಹಿಡಿದು ಕೇಳಿದಳು, ಆಗ ಹೊರಬಿತ್ತು.

"ಯಾಕ ಹೇಳಲಿಲ್ಲೋ?" ಅಂದೆ.

"ನೀವು ಅವ್ವನ ಬೆಂಡೋಲಿ ಒತ್ತಿ ಇಟ್ಟದ್ದು ನನಗ ಹೇಳಿದ್ರೇನು?" ಅಂದ.

ನನ್ನ ಬಾಯಿ ಕಟ್ಟಿತು. ಬೆಂಡೋಲಿ ಇಟ್ಟದ್ದು ಸೊಸೈಟಿ ಗಡುವು ಮುಟ್ಟಿಸಲಿಕ್ಕೆ. ಬಡ್ಡಿ ಇಲ್ಲದ ಬೆಳೆಸಾಲದ ಮಿತಿಯನ್ನು ರಾಜ್ಯ ಸರಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು, ಒಳ್ಳೆಯದೇ. ಆದರೆ ಅದು ಹೊತ್ತಿಗೆ ಸರಿಯಾಗಿ ತೀರಿಸಿದವನಿಗೆ ಮಾತ್ರ. ಗದ್ದೆಗೆ ಹಾಕಿದ ಹಣ ಸುಗ್ಗಿಗೆ ತಿರುಗಿ ಬಂದೀತು. ಖೋಲಿಗೆ ಹಾಕಿದ ಹಣ ಸುಗ್ಗಿಗೆ ಬರುವದಿಲ್ಲ, ಅದಕ್ಕೆ ನಾಲ್ಕಾರು ವರ್ಷ ಬೇಕು. ಒಂದು ವರ್ಷದ ಸಾಲವನ್ನು ಐದು ವರ್ಷದ ಕೆಲಸಕ್ಕೆ ಹಚ್ಚಿದರೆ ನಡುವೆ ಬಂಗಾರ ಹೋಗದೆ ಮತ್ತೇನಾಗುತ್ತದೆ?

ಈಗ ಬೆಲೆಯ ಲೆಕ್ಕಕ್ಕೆ ಬರೋಣ. ಬೆಂಬಲ ಬೆಲೆಯ ಶಿಫಾರಸು ಮಾಡುವ ಆಯೋಗ ದಿಲ್ಲಿಯಲ್ಲಿ 1965ರಿಂದ ಇದೆ. ರೈತ ಕೈಯಿಂದ ಕೊಟ್ಟ ಬೀಜ, ಗೊಬ್ಬರ, ಆಳಿನ ಖರ್ಚಿಗೆ ಎ2 ಅನ್ನುತ್ತಾರೆ. ಮನೆಯವರ ದುಡಿಮೆಗೆ ಕೂಲಿ ಹಿಡಿದರೆ ಎ2 ಕೂಡಿಸು ಎಫ್‌ಎಲ್. ಸ್ವಂತ ಭೂಮಿಯ ಗೇಣಿ, ಬಂಡವಾಳದ ಬಡ್ಡಿ ಕೂಡಿಸಿದರೆ ಸಿ2. 2025-26ಕ್ಕೆ ಸಾಧಾರಣ ಭತ್ತದ ಖರ್ಚು ಎ2 ಕೂಡಿಸು ಎಫ್‌ಎಲ್ ಲೆಕ್ಕದಲ್ಲಿ ಕ್ವಿಂಟಲಿಗೆ 1,579 ರೂಪಾಯಿ ಎಂದು ಹಿಡಿದು ಬೆಂಬಲ ಬೆಲೆ 2,369 ಇಟ್ಟರು. ಉಳಿತಾಯ 790 ರೂಪಾಯಿ.

ನನ್ನ ಮಗನಿಗೆ ಊಟ, ವಸತಿ ಕೂಡಿ ತಿಂಗಳಿಗೆ 8,500 ರೂಪಾಯಿ. ಹತ್ತು ತಿಂಗಳಿಗೆ 85,000. ಫೀ ಬೇರೆ. ಕ್ವಿಂಟಲಿಗೆ 790ರಂತೆ ಉಳಿಸಿ ಇಷ್ಟು ಕೂಡಿಸಬೇಕಾದರೆ 108 ಕ್ವಿಂಟಲ್ ಭತ್ತ ಬೆಳೆಯಬೇಕು. ನನ್ನ ಮೂರು ಎಕರೆಗೆ ಒಳ್ಳೆಯ ಮಳೆಯಾದರೆ 50-55 ಕ್ವಿಂಟಲ್ ಬರುತ್ತದೆ. ಅಂದರೆ ಎರಡು ವರ್ಷದ ಭತ್ತದ ಉಳಿತಾಯವೆಲ್ಲ ಒಬ್ಬ ಹುಡುಗನ ಒಂದು ವರ್ಷದ ಊಟ, ವಸತಿಗೆ. ಅದೂ ಭತ್ತ ಬೆಂಬಲ ಬೆಲೆಗೆ ಮಾರಿದರೆ. ಮನೆಯಲ್ಲಿ ಉಳಿದವರು ಉಣ್ಣದೆ, ಉಡದೆ ಇದ್ದರೆ.

ಇನ್ನೊಂದು ಹೊಡೆತವಿದೆ. ಮಗ ಊರಲ್ಲಿದ್ದಾಗ ನಾಟಿ, ಕೊಯ್ಲು, ಗೆಣಸು ಅಗಿಯುವದು ಎಲ್ಲದಕ್ಕೂ ಇರುತ್ತಿದ್ದ. ಅವನು ಹೋದ ಮೇಲೆ ಆ ಜಾಗಕ್ಕೆ ಆಳು ಹಚ್ಚಬೇಕಾಯಿತು. ಕಾಗದದ ಮೇಲಿದ್ದ ಎಫ್‌ಎಲ್, ಕೈಯಿಂದ ಕೊಡುವ ರೊಕ್ಕವಾಯಿತು. ಹಳ್ಳಿಯಿಂದ ಒಬ್ಬ ಹುಡುಗ ಕಾಲೇಜಿಗೆ ಹೋದರೆ ರೈತನಿಗೆ ಎರಡು ಖರ್ಚು, ಪಟ್ಟಣದಲ್ಲೊಂದು, ಹೊಲದಲ್ಲೊಂದು.

ಸರಕಾರಿ ನೌಕರರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೂ ಇದನ್ನು ನೋಡಿರಿ. ಕೇಂದ್ರ ಸರಕಾರದ ನೌಕರನ ಮಗು ಹಾಸ್ಟೆಲಿನಲ್ಲಿದ್ದರೆ 12ನೆಯ ತರಗತಿಯವರೆಗೆ ತಿಂಗಳಿಗೆ 8,437 ರೂಪಾಯಿ 50 ಪೈಸೆಯವರೆಗೆ ವಸತಿ ಸಹಾಯಧನವೆಂದು 2024ರ ಜನವರಿಯಿಂದ ಗೊತ್ತು ಮಾಡಿದ್ದಾರೆ. ಅಂದರೆ ಮಗು ದೂರ ಕಲಿಯಲು ಹೋದರೆ ಖರ್ಚು ಬರುತ್ತದೆ ಅನ್ನುವದು ಸರಕಾರಕ್ಕೆ ಗೊತ್ತಿದೆ. ಎಷ್ಟು ಬರುತ್ತದೆ ಅನ್ನುವದೂ ಗೊತ್ತಿದೆ. ಪಗಾರ ಕಟ್ಟುವಾಗ ನೆನಪಾಗುವ ಈ ಖರ್ಚು ಭತ್ತದ ಬೆಲೆ ಕಟ್ಟುವಾಗ ಯಾಕೆ ಮರೆಯುತ್ತದೆ? ಸ್ವಾಮಿನಾಥನ್ ಅವರ ರಾಷ್ಟ್ರೀಯ ರೈತ ಆಯೋಗ 2006ರ ಹೊತ್ತಿಗೇ ರೈತನ ಕೈಗೆ ಉಳಿಯುವ ಆದಾಯ ಸರಕಾರಿ ನೌಕರನ ಆದಾಯಕ್ಕೆ ಹೋಲುವಂತಿರಬೇಕು ಎಂದಿತ್ತು. ಆ ಮಾತಿನ ಅರ್ಥ ನನಗೆ ತಿಳಿದದ್ದು ಮಗನ ಖೋಲಿಯ ಬಾಡಿಗೆ ಕಟ್ಟಿದ ಮೇಲೆ. ಭತ್ತದ ಬೆಲೆಯಲ್ಲಿ ಕಡಿಮೆ ಬಿದ್ದದ್ದನ್ನು ನನ್ನ ಮಗ ಬೆಂಗಳೂರಿನಲ್ಲಿ ನಿದ್ದೆಗೆಟ್ಟು ತುಂಬಿಕೊಟ್ಟ.

ಸರಕಾರ ಏನೂ ಕೊಟ್ಟಿಲ್ಲವೆನ್ನಲಾರೆ. 2021ರಲ್ಲಿ ರೈತ ವಿದ್ಯಾನಿಧಿ ಎಂದು ಘೋಷಿಸಿದರು. ಬಿ.ಎ., ಬಿ.ಕಾಂ. ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500. ನನ್ನ ಮಗನ ಲೆಕ್ಕದಲ್ಲಿ ಆ 5,000 ಹದಿನೆಂಟು ದಿನಕ್ಕೂ ಸಾಲದು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆಯಾಯಿತು. ಇದರಿಂದ ದೇಸೂರು, ಖಾನಾಪುರದ ಹುಡುಗಿಯರು ಬೆಳಗಾವಿ ಕಾಲೇಜಿಗೆ ದಿನಾ ಹೋಗಿ ಬರುವದು ಹಗುರಾಯಿತು. ಆದರೆ ಕಣಕುಂಬಿ ಕಡೆಯ ಕಾಡಂಚಿನ ಮಕ್ಕಳು ಮಳೆಗಾಲದಲ್ಲಿ ದಿನಾ ಹೋಗಿ ಬರುವದು ಹೇಗೆ? ಅವರಿಗೆ ಬೆಳಗಾವಿಯೇ ಬೆಂಗಳೂರು.

ಕೆಲವು ಹಿರಿಯರು ಅನ್ನುತ್ತಾರೆ: "ದುಡದು ಕಲತ್ರ ಹುಡುಗ ಗಟ್ಟಿ ಆಗತಾನ. ವಿಶ್ವೇಶ್ವರಯ್ಯನವರು ಕಲೀಲಿಲ್ಲೇನು?" ಕಲಿತರು, ಖರೆ. ಮುದ್ದೇನಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ 1881ರಲ್ಲಿ ಬಿ.ಎ. ಮುಗಿಸಿದರು. ಆದರೆ ಮುಂದೆ ಪುಣೆಗೆ ಹೋಗಿ ಇಂಜಿನಿಯರಾಗಲು ಮೈಸೂರು ಸರಕಾರ ಹಣ ಕೊಟ್ಟಿತು. ಕಥೆಯ ಈ ಅರ್ಧವನ್ನು ನಾವು ಮಕ್ಕಳಿಗೆ ಹೇಳುವದೇ ಇಲ್ಲ. ಮಕ್ಕಳು ದುಡಿಯುವದಕ್ಕೆ ನನ್ನ ವಿರೋಧವಿಲ್ಲ. ಎಷ್ಟು ತಾಸು, ಯಾವ ಹೊತ್ತಿನಲ್ಲಿ, ಯಾರ ಕೈಕೆಳಗೆ, ಇದೇ ನನ್ನ ಪ್ರಶ್ನೆ.

ಇದಕ್ಕೆ ಉತ್ತರ ನಮ್ಮ ನೆರೆಯಲ್ಲೇ ಇದೆ. ಕರ್ಮವೀರ ಭಾವೂರಾವ ಪಾಟೀಲರು 1887ರಲ್ಲಿ ಕೊಲ್ಲಾಪುರದ ಕಡೆಯ ಕುಂಭೋಜದಲ್ಲಿ ಹುಟ್ಟಿದವರು. ಅವರ ಪೂರ್ವಜರು ನಮ್ಮ ಮೂಡಬಿದಿರೆಯವರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. ಹೆಸರಿನಲ್ಲೇ ರೈತ ಇದ್ದಾನೆ. ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಉಣ್ಣಿಸಿದರು. ಒಮ್ಮೆ ಬೋರ್ಡಿಂಗಿನಲ್ಲಿ ಕಾಳು ಇಲ್ಲದಾಗ ಹೆಂಡತಿ ಲಕ್ಷ್ಮೀಬಾಯಿ ತಾಳಿಯನ್ನೇ ಕೊಟ್ಟರು. ದುಡಿ ಮತ್ತು ಕಲಿ ಅನ್ನುವದು ಅವರ ಪದ್ಧತಿ, ಪುಣೆ ವಿದ್ಯಾಪೀಠದಲ್ಲಿ ಆ ಯೋಜನೆ ಅವರ ಹೆಸರಿನಲ್ಲೇ ಇದೆ. ಆ ಮಕ್ಕಳು ಹೊಲದಲ್ಲಿ ದುಡಿದರು, ಕಲ್ಲು ಒಡೆದರು. ಆದರೆ ದುಡಿಮೆಯ ಗಂಟೆ ಮತ್ತು ಪಾಠದ ಗಂಟೆ ಎರಡನ್ನೂ ಬಾರಿಸುವ ಕೈ ಒಂದೇ ಇತ್ತು. ಪರೀಕ್ಷೆ ಬಂದರೆ ಗುದ್ದಲಿ ಕೆಳಗಿಡು ಅನ್ನುವವರಿದ್ದರು. ನನ್ನ ಮಗನ ಗೋದಾಮಿನ ಮುಕಾದಮನಿಗೆ ಪರೀಕ್ಷೆ ಯಾವಾಗೆಂದು ಗೊತ್ತಿಲ್ಲ, ಕಾಲೇಜಿಗೆ ಅವನ ಪಾಳಿ ಗೊತ್ತಿಲ್ಲ. ಎರಡರ ನಡುವೆ ಹುಡುಗ ಅರೆದು ಹೋದ.

ನಮ್ಮ ನಾಡೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಪ್ರಸಾದ ನಿಲಯದಲ್ಲಿ ಉಂಡು ಕಲಿತ ಹಳ್ಳಿ ಮಕ್ಕಳು ಸಾವಿರಾರು. ಹೊಲದ ಕಾಳು ಪಟ್ಟಣದ ಪಂಕ್ತಿಗೆ ಹೋದದ್ದರಿಂದಲೇ ಹಳ್ಳಿಯ ಮಗ ವಕೀಲನಾದ, ಮಾಸ್ತರನಾದ. ಇಂದು ಕಾಳಿನ ಬದಲು ಸಾಲ ಹೋಗುತ್ತಿದೆ.

ಬೇಡಿಕೆಗಳು ಸ್ಪಷ್ಟ ಇರಲಿ. ಬೆಲೆಯ ಲೆಕ್ಕದಲ್ಲಿ ಸಿ2 ಹಿಡಿಯುವದು ಮೊದಲ ಮೆಟ್ಟಿಲು, ಮಕ್ಕಳ ವಿದ್ಯೆ ಸೇರಿದ ಸಂಸಾರದ ಖರ್ಚು ಎರಡನೆಯದು. ಪಹಣಿಯಲ್ಲಿ ಹೆಸರಿರುವ ಸಣ್ಣ ರೈತನ ಮಕ್ಕಳಿಗೆ ಪಟ್ಟಣಗಳಲ್ಲಿ ವಸತಿ ನಿಲಯ ಬೇಕು. ಕಾಲೇಜಿನ ಅಂಗಳದಲ್ಲೇ, ಗ್ರಂಥಾಲಯ, ಕಚೇರಿ, ತೋಟಗಳಲ್ಲಿ ದಿನಕ್ಕೆ ಎರಡು ಮೂರು ತಾಸಿನ ಕೆಲಸ, ನ್ಯಾಯವಾದ ಕೂಲಿ ಬೇಕು.

ಇನ್ನು ನಾವು ಮಾಡಬೇಕಾದದ್ದು. ಬೆಳೆಸಾಲವನ್ನು ಕಾಲೇಜಿಗೆ ಮುಟ್ಟಬೇಡಿರಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಆಸ್ತಿಯ ಒತ್ತೆ ಕೇಳುವದಿಲ್ಲ, ಹಾಸ್ಟೆಲ್ ಖರ್ಚೂ ಅದರಲ್ಲಿ ಸೇರುತ್ತದೆ, ಕಲಿಕೆ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಬಡ್ಡಿ ಮಾತ್ರ ನಡುವೆ ಬೆಳೆಯುತ್ತದೆ, ಅದನ್ನು ಕೇಳಿಯೇ ಸಹಿ ಮಾಡಿರಿ. ಹುಡುಗ ಕೆಲಸಕ್ಕೆ ನಿಂತರೆ ಕಾಗದ ಮತ್ತು ಪಿ.ಎಫ್. ನಂಬರು ಕೇಳಿ ಪಡೆಯಲಿ. ಎಲ್ಲಕ್ಕಿಂತ ಮುಖ್ಯ, ಅಪ್ಪ ಮಕ್ಕಳು ವರ್ಷಕ್ಕೆರಡು ಸಲ ಎದುರಾ ಬದುರಾ ಕುಳಿತು ಖರ್ಚು ಬರೆಯಿರಿ. ಅವನು ಹಾಜರಿ ಮುಚ್ಚಿಟ್ಟ, ನಾನು ಬೆಂಡೋಲಿ ಮುಚ್ಚಿಟ್ಟೆ. ಇಬ್ಬರೂ ಒಬ್ಬರ ಮೇಲೊಬ್ಬರು ಮಾಯೆ ಇಟ್ಟೇ ಮುಳುಗಿದೆವು.

ಈಗ ಮಗ ಗೋದಾಮು ಬಿಟ್ಟಿದ್ದಾನೆ. ಸಂಜೆ ನಾಲ್ಕು ತಾಸು ಒಂದು ಅಂಗಡಿಯ ಲೆಕ್ಕ ಬರೆಯುತ್ತಾನೆ. ಪಗಾರ ಕಡಿಮೆ, ನಿದ್ದೆ ಇದೆ. ಮೂವರು ಹುಡುಗರು ಕೂಡಿ ಅಡಿಗೆ ಮಾಡಿಕೊಳ್ಳುತ್ತಾರೆ, ಅಕ್ಕಿ ಊರಿಂದ ನಾನೇ ಕಳಿಸುತ್ತೇನೆ. ಸೊಸೈಟಿ ಸಾಲ ತೀರಿದೆ. ಬೆಂಡೋಲಿ ಇನ್ನೂ ಬಿಡಿಸಿಲ್ಲ. ಅದನ್ನು ಯಾವ ಬೆಳೆಯ ಖರ್ಚಿಗೆ ಬರೆಯಲಿ, ಬೆಲೆ ಕಟ್ಟುವವರು ಹೇಳಲಿ.