ಪರಿಶೋಧಕನಿಗೆ ಹಣ ಕೊಡುವವರು ಯಾರು?

2019ರ ಜನವರಿ 25ರ ಮಧ್ಯಾಹ್ನ ಬ್ರೆಜಿಲ್‌ನ ಬ್ರುಮಾಡಿನ್ಯೊ ಪಟ್ಟಣದ ಬಳಿ, ಕಬ್ಬಿಣದ ಅದಿರು ತೊಳೆದ ಕೆಸರನ್ನು ತಡೆದಿಟ್ಟಿದ್ದ ಅಣೆಕಟ್ಟೆ ಒಡೆಯಿತು. ಗಣಿ ಕಂಪನಿ ‘ವಾಲೆ’ಯ ಕಚೇರಿ ಮತ್ತು ಕ್ಯಾಂಟೀನು ಎರಡೂ ಆ ಅಣೆಕಟ್ಟೆಯ ಕೆಳಗೇ ಇದ್ದವು. ಸೈರನ್ ಮೊಳಗಲಿಲ್ಲ. 270 ಜನ ಸತ್ತರು. ಬಹುಪಾಲು ಅದೇ ಗಣಿಯ ನೌಕರರು, ಗುತ್ತಿಗೆ ಕಾರ್ಮಿಕರು. ಕೆಲವೇ ತಿಂಗಳ ಹಿಂದೆ, ಜರ್ಮನಿ ಮೂಲದ ಹೆಸರಾಂತ ಪರಿಶೀಲನಾ ಸಂಸ್ಥೆ ಟಿಯುವಿ ಸೂಡ್ ಈ ಅಣೆಕಟ್ಟೆ ಸ್ಥಿರವಾಗಿದೆ ಎಂದು ಪ್ರಮಾಣಪತ್ರ ಕೊಟ್ಟಿತ್ತು. ವಾಲೆ ಪಾಲುದಾರನಾಗಿದ್ದ ಸಮಾರ್ಕೊ ಗಣಿಯ ಅಣೆಕಟ್ಟೆ 2015ರಲ್ಲಿ ಮಾರಿಯಾನಾದಲ್ಲಿ ಒಡೆದು 19 ಜನ ಸತ್ತಿದ್ದರು. ಅಷ್ಟಾದ ಮೇಲೂ ಕಂಪನಿಯ ಸುಸ್ಥಿರತಾ ವರದಿಗಳು ಹೂಡಿಕೆದಾರರಿಗೆ ಸುರಕ್ಷತೆಯ ಭರವಸೆ ಕೊಡುತ್ತಲೇ ಇದ್ದವು. ಆ ಭರವಸೆ ಸುಳ್ಳೆಂದು ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ 2022ರಲ್ಲಿ ಮೊಕದ್ದಮೆ ಹೂಡಿತು. ಮರುವರ್ಷ ವಾಲೆ ಸುಮಾರು 5.6 ಕೋಟಿ ಡಾಲರ್ ಕೊಡಲು ಒಪ್ಪಿ ಪ್ರಕರಣ ಇತ್ಯರ್ಥ ಮಾಡಿಕೊಂಡಿತು.

ಪರಿಸರ, ಸಾಮಾಜಿಕ ಹೊಣೆ, ಉತ್ತಮ ಆಡಳಿತ ಎಂಬ ಮೂರನ್ನೂ ಒಟ್ಟಿಗೆ ಹೇಳುವ, ಇಂಥ ವರದಿಗಳ ತಿರುಳಾದ ‘ಇಎಸ್‌ಜಿ’ ಈಗ ಭಾರತದಲ್ಲೂ ಕಡ್ಡಾಯದ ಲೆಕ್ಕವಾಗಿದೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ನೋಂದಾಯಿತ ಕಂಪನಿಗಳು 2022-23ರಿಂದ ‘ಬಿಆರ್‌ಎಸ್‌ಆರ್’ ಎಂಬ ವರದಿ ಸಲ್ಲಿಸಬೇಕೆಂದು ನಮ್ಮ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ ನಿಯಮ ಮಾಡಿದೆ. ಎಷ್ಟು ನೀರು ಬಳಸಿದಿರಿ, ಎಷ್ಟು ತ್ಯಾಜ್ಯ ಹೊರಬಿಟ್ಟಿರಿ, ಕಾಯಂ ಅಲ್ಲದ ಕಾರ್ಮಿಕರು ಎಷ್ಟು ಜನ, ಕೆಲಸದಲ್ಲಿ ಎಷ್ಟು ಮಂದಿ ಗಾಯಗೊಂಡರು, ಸತ್ತರು ಎಂದೆಲ್ಲ ಅದು ಕೇಳುತ್ತದೆ. ಇದನ್ನು ಬರೀ ಕಾಗದದ ಕಸರತ್ತು ಎಂದು ತಳ್ಳಿಹಾಕುವುದು ತಪ್ಪು. ಗುತ್ತಿಗೆ ಕಾರ್ಮಿಕನ ಸಾವು ಗುತ್ತಿಗೆದಾರನ ಲೆಕ್ಕ ಎಂದು ಕೈತೊಳೆದುಕೊಳ್ಳುತ್ತಿದ್ದ ಕಂಪನಿಗಳು ಈಗ ಅದನ್ನು ತಮ್ಮ ಹೆಸರಲ್ಲೇ ಬರೆದುಕೊಡಬೇಕು. ಇದು ಸಣ್ಣ ಗೆಲುವಲ್ಲ.

ಬರೆದದ್ದು ನಿಜವೇ ಎಂದು ನೋಡುವವರು ಯಾರು ಎಂಬಲ್ಲಿ ತೊಡಕು ಶುರುವಾಗುತ್ತದೆ. ಆಯ್ದ ಅಂಶಗಳನ್ನು ಹೊರಗಿನವರಿಂದ ಖಾತರಿಪಡಿಸಿಕೊಳ್ಳಬೇಕು ಎಂಬ ನಿಯಮ 2023-24ರಲ್ಲಿ ಮೊದಲ 150 ಕಂಪನಿಗಳಿಗೆ ಜಾರಿಗೆ ಬಂತು. ಹಂತ ಹಂತವಾಗಿ ಉಳಿದವಕ್ಕೂ ಹಬ್ಬುತ್ತಿದೆ. ಖಾತರಿ ಕೊಡುವವರು ಅದೇ ಕಂಪನಿಗೆ ಸಲಹಾ ಸೇವೆ ಮಾರುವಂತಿಲ್ಲ ಎಂದು ಸೆಬಿ ಹೇಳಿದ್ದು ಸರಿಯಾಗಿದೆ. ಆದರೆ ಅವರನ್ನು ಆರಿಸುವುದು ಕಂಪನಿ, ಹಣ ಕೊಡುವುದೂ ಕಂಪನಿ. ಮುಂದಿನ ವರ್ಷ ಬೇಡ ಎನ್ನುವ ಅಧಿಕಾರವೂ ಅದರದ್ದೇ.

ಈ ನಂಟು ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಗಟ್ಟಿ ಪುರಾವೆ ಇದೆ. ಗುಜರಾತಿನಲ್ಲಿ ಹೈಕೋರ್ಟ್ ಆದೇಶದಂತೆ 1996ರಿಂದಲೇ ಮಾಲಿನ್ಯಕಾರಕ ಕಾರ್ಖಾನೆಗಳು ಹೊರಗಿನ ಪರಿಶೋಧಕರಿಂದ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕಿತ್ತು. ಪರಿಶೋಧಕನನ್ನು ಕಾರ್ಖಾನೆಯೇ ನೇಮಿಸಿಕೊಳ್ಳುತ್ತಿತ್ತು. ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆಗೂಡಿ 2009ರಿಂದ ಅಹಮದಾಬಾದ್ ಮತ್ತು ಸೂರತ್ ಭಾಗದಲ್ಲಿ ಒಂದು ಪ್ರಯೋಗ ನಡೆಸಿದರು. ಕೆಲವು ಕಾರ್ಖಾನೆಗಳು ಹಳೆಯ ಪದ್ಧತಿಯಲ್ಲೇ ಉಳಿದವು. ಉಳಿದವಕ್ಕೆ ಪರಿಶೋಧಕರನ್ನು ಚೀಟಿ ಎತ್ತಿದಂತೆ ಹಂಚಲಾಯಿತು. ಅವರ ಶುಲ್ಕ ಮೊದಲೇ ನಿಗದಿಯಾಗಿತ್ತು, ಸಾಮಾನ್ಯ ನಿಧಿಯಿಂದ ಬರುತ್ತಿತ್ತು. ಅವರು ಅಳೆದ ಕೆಲವು ಜಾಗಗಳಿಗೆ ಬೇರೊಂದು ತಂಡ ಹೋಗಿ ಮತ್ತೆ ಅಳೆಯುತ್ತಿತ್ತು.

ಹಳೆಯ ಪದ್ಧತಿಯಲ್ಲಿ ವರದಿಗಳ ಅಂಕಿಗಳು ಕಾನೂನು ಹಾಕಿದ ಮಿತಿಗಿಂತ ಸ್ವಲ್ಪವೇ ಕೆಳಗೆ ಬಂದು ಸಾಲಾಗಿ ಕೂತಿದ್ದವು. ಮತ್ತೆ ಅಳೆದಾಗ ಎಷ್ಟೋ ಕಡೆ ಮಾಲಿನ್ಯ ಮಿತಿ ದಾಟಿತ್ತು. ಹೊಸ ಪದ್ಧತಿಯಲ್ಲಿ, ಮಿತಿ ಮೀರಿದ್ದನ್ನು ‘ಮಿತಿಯೊಳಗಿದೆ’ ಎಂದು ಬರೆಯುವ ಸುಳ್ಳು ಶೇ 80ರಷ್ಟು ಇಳಿಯಿತು. ಕೆಲಸ ಮಾಡಿದ್ದು ಅದೇ ವೃತ್ತಿಯವರು, ಅದೇ ಊರಿನವರು. ಬದಲಾಗಿದ್ದು ಅವರನ್ನು ನೇಮಿಸುವ ರೀತಿ, ಹಣ ಬರುವ ದಾರಿ, ಮರುತಪಾಸಣೆಯ ಭಯ. ಅದಕ್ಕಿಂತ ದೊಡ್ಡ ಫಲ ಇನ್ನೊಂದು: ನಿಜ ಹೊರಬರುತ್ತದೆಂದು ಗೊತ್ತಾದ ಮೇಲೆ ಕಾರ್ಖಾನೆಗಳು ಮಾಲಿನ್ಯವನ್ನೇ ತಗ್ಗಿಸಿದವು.

ಇಷ್ಟು ಸ್ಪಷ್ಟವಾದ ಪಾಠ ಕಣ್ಣೆದುರಿಗಿದ್ದರೂ ನಾವು ಸಡಿಲಿಕೆಯತ್ತ ಹೊರಟಿದ್ದೇವೆ. ದೊಡ್ಡ ಕಂಪನಿಗಳು ತಮಗೆ ಸರಕು ಪೂರೈಸುವವರ ವಿವರವನ್ನೂ ಕೊಡಬೇಕು, ಇಲ್ಲವೇ ಕೊಡದ ಕಾರಣ ಹೇಳಬೇಕು ಎಂದು ಸೆಬಿ 2023ರಲ್ಲಿ ಹೇಳಿತ್ತು. 2025ರಲ್ಲಿ ಅದನ್ನು ಮುಂದೂಡಿ, ಐಚ್ಛಿಕ ಮಾಡಲಾಯಿತು. ಸಣ್ಣ ಪೂರೈಕೆದಾರರಿಗೆ ಹೊರೆಯಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಬೆಂಗಳೂರಿನ ಪೀಣ್ಯದ ಒಂದು ಶೆಡ್ಡಿನ ಮಾಲೀಕನಿಗೆ ಕಾರ್ಬನ್ ಲೆಕ್ಕ ಬರೆಯುವ ಗುಮಾಸ್ತನನ್ನು ಇಟ್ಟುಕೊಳ್ಳಲು ಎಲ್ಲಿಂದ ಸಾಧ್ಯ? ಹಾಗಾದರೆ ಆ ಖರ್ಚನ್ನು ಕೊಳ್ಳುವ ದೊಡ್ಡ ಕಂಪನಿಯೇ ಭರಿಸಲಿ. ಭಾರತ, ಬಾಂಗ್ಲಾದೇಶ, ವಿಯೆಟ್ನಾಂನಂಥ ದೇಶಗಳಲ್ಲಿ ಬೆರಳು ಕಳೆದುಕೊಳ್ಳುವವರು, ಕೆರೆಗೆ ಬಣ್ಣದ ನೀರು ಹರಿಯುವುದನ್ನು ನೋಡುವವರು ಹೆಚ್ಚಾಗಿ ಇರುವುದು ಪೂರೈಕೆದಾರರ ಅಂಗಳದಲ್ಲೇ. ಅದನ್ನು ಬಿಟ್ಟ ವರದಿ ಕಂಪನಿಯ ಮುಖ್ಯ ಕಚೇರಿಯ ವರದಿ ಅಷ್ಟೇ.

ಬ್ರುಮಾಡಿನ್ಯೊದಂಥ ಕೆಸರಿನ ಅಣೆಕಟ್ಟೆ ಕರ್ನಾಟಕಕ್ಕೂ ದೂರದ ಮಾತಲ್ಲ. ಕುದುರೆಮುಖದ ಗಣಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು. ಅದಿರು ತೊಳೆದ ಹೂಳು ಲಕ್ಯಾ ಅಣೆಕಟ್ಟೆಯ ಹಿಂದೆ ಇಂದಿಗೂ ಇದೆ. ಇಂಥ ಕಟ್ಟೆಗಳ ಸ್ಥಿತಿ ತಿಳಿಯುವ ಹಕ್ಕು ಷೇರುದಾರರಿಗಿಂತ ಮೊದಲು ಹೊಳೆಯ ಕೆಳದಂಡೆಯವರಿಗೆ ಸಲ್ಲಬೇಕು.

ಸೆಬಿ ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ. ಕಂಪನಿಗಳಿಂದ ಶುಲ್ಕ ಪಡೆದು ಸಾಮಾನ್ಯ ನಿಧಿಗೆ ಹಾಕಲಿ, ಪರಿಶೋಧಕರನ್ನು ತಾನೇ ಹಂಚಲಿ, ಪ್ರತಿವರ್ಷ ಒಂದಿಷ್ಟು ವರದಿಗಳನ್ನು ಬೇರೆಯವರಿಂದ ಮತ್ತೆ ಪರೀಕ್ಷಿಸಲಿ. ಕಾರ್ಖಾನೆ ಇರುವ ಊರಿನ ಪಂಚಾಯಿತಿಗೆ ವರದಿಯ ಸಾರ ಆ ಊರಿನ ಭಾಷೆಯಲ್ಲೇ ತಲುಪಲಿ. ಪೂರೈಕೆದಾರರ ವಿವರವನ್ನು ಕಡ್ಡಾಯ ಮಾಡಲಿ.