ನಿಬಂಧನೆ ಏಕಪಕ್ಷೀಯವಾಗಬಾರದು

ಪಿಯುಸಿಯಲ್ಲಿ ಉತ್ತಮ ಅಂಕ ಗಳಿಸಿದ, ಕುಟುಂಬದ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷ ಮೀರದ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಪ್ರತಿವರ್ಷ ಹೊಸದಾಗಿ ನಿಗದಿಪಡಿಸಿರುವ ವಿದ್ಯಾರ್ಥಿವೇತನಗಳು 82,000. ಪದವಿಯ ಮೊದಲ ಮೂರು ವರ್ಷ ವಾರ್ಷಿಕ 12,000 ರೂಪಾಯಿ, ಅಂದರೆ ತಿಂಗಳಿಗೆ ಒಂದು ಸಾವಿರ. ಇಷ್ಟನ್ನು ಉಳಿಸಿಕೊಳ್ಳಲು ವರ್ಷ ವರ್ಷವೂ ಕನಿಷ್ಠ ಶೇ 50 ಅಂಕ, ಶೇ 75 ಹಾಜರಾತಿ ಮತ್ತು ರ‍್ಯಾಗಿಂಗ್‌ನಂಥ ದೂರುಗಳಿಲ್ಲದ ನಡತೆ ಬೇಕು.

ಈ ನಿಬಂಧನೆಗಳಲ್ಲಿ ಅನ್ಯಾಯವಿಲ್ಲ. ಸಾರ್ವಜನಿಕರ ತೆರಿಗೆಯ ಹಣವನ್ನು ಪಡೆಯುವವನು ತರಗತಿಯಲ್ಲಿ ಕೂರಬೇಕು, ಅರ್ಧದಷ್ಟಾದರೂ ಅಂಕ ತರಬೇಕು ಎಂದು ಬಯಸುವುದು ಪ್ರಭುತ್ವದ ಹಕ್ಕು. ಮೊದಲ ವರ್ಷದ ಹಣ ಬಂದ ಮೇಲೆ ನವೀಕರಣದ ಸೂಚನಾಪತ್ರದತ್ತ ತಿರುಗಿಯೂ ನೋಡದ ವಿದ್ಯಾರ್ಥಿಗಳ ಪರವಾಗಿ ವಾದಿಸುವುದು ಈ ಪತ್ರಿಕೆಯ ಉದ್ದೇಶವೂ ಅಲ್ಲ.

ಆದರೆ ಅರ್ಹತೆಯನ್ನು ಅಳೆಯುವ ಕೈಗಳು ತಮ್ಮ ಪಾಲಿನ ಕರ್ತವ್ಯವನ್ನು ಮಾಡಿವೆಯೇ? ಅಂಕಪಟ್ಟಿ ಬಂದರೆ ತಾನೇ ಶೇ 50ರ ಪ್ರಶ್ನೆ? ಫಲಿತಾಂಶದ ವಿಳಂಬ ನಮ್ಮ ವಿಶ್ವವಿದ್ಯಾಲಯಗಳಿಗೆ ಹೊಸದಲ್ಲ. ಅರ್ಜಿಯ ಗಡುವು ಮಾತ್ರ ಆ ವಿಳಂಬಕ್ಕಾಗಿ ಕಾಯಬೇಕೆಂಬ ಕಟ್ಟಳೆಯಿಲ್ಲ. ಅರ್ಜಿಯನ್ನು ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದಕ್ಕೆ ಕಳುಹಿಸಬೇಕು. ಬಹುತೇಕ ಕಡೆ ಅದು ಪಾಠದ ಹೊರೆಯ ಮೇಲೆ ಹೇರಿದ ಹೆಚ್ಚುವರಿ ಕೆಲಸ, ಅವರು ಮರೆತರೆ ದಂಡ ತೆರುವವಳು ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಇನಿಷಿಯಲ್ ಆಧಾರ್‌ನಲ್ಲಿ ಪೂರ್ಣ ಹೆಸರಾಗಿದ್ದರೆ ಅದೂ ತೊಡಕು. ಹಣ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ. ಆ ಖಾತೆ ಯಾವುದೆಂಬುದು ಎಷ್ಟೋ ಮನೆಗಳಲ್ಲಿ ಬ್ಯಾಂಕಿಗೆ ಅಲೆದ ಮೇಲೆಯೇ ತಿಳಿಯುತ್ತದೆ. 2020ರ ವಿಲೀನದಲ್ಲಿ ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳ ಹೆಸರೇ ಅಳಿಸಿಹೋದದ್ದನ್ನು ಕರಾವಳಿಯ ಹಳೆಯ ಪಾಸ್‌ಬುಕ್‌ಗಳು ಇಂದಿಗೂ ನೆನಪಿಸುತ್ತವೆ.

ಇದಕ್ಕಿಂತ ಗಂಭೀರವಾದದ್ದು ಹಣ ಕೈಸೇರುವ ಕಾಲ. ವಿದ್ಯಾರ್ಥಿವೇತನ ಶೈಕ್ಷಣಿಕ ವರ್ಷ ಮುಗಿಯುವ ಹೊತ್ತಿಗೆ, ಕೆಲವೊಮ್ಮೆ ಮುಗಿದ ಮೇಲೆ ಬಂದರೆ ಅಲ್ಲಿಯವರೆಗಿನ ಶುಲ್ಕ, ಮೆಸ್ ಬಿಲ್ಲು, ಬಸ್ ಪಾಸಿಗೆ ಹಣ ಎಲ್ಲಿಂದ ಬರಬೇಕು? ಸಾಲದಿಂದ, ಇಲ್ಲವೇ ದುಡಿಮೆಯಿಂದ. ಹುಡುಗ ಸಂಜೆ ಬೇಕರಿಯಲ್ಲಿ ನಿಲ್ಲುತ್ತಾನೆ, ಆಮೇಲೆ ಬೆಳಗಿನ ಪಾಳಿಯನ್ನೂ ಒಪ್ಪಿಕೊಳ್ಳುತ್ತಾನೆ. ಸುಗ್ಗಿಯಲ್ಲಿ ಹುಡುಗಿ ಅಮ್ಮನ ಜೊತೆ ಕೂಲಿಗೆ ಹೋಗುತ್ತಾಳೆ. ಹಾಜರಾತಿ ಶೇ 75ರಿಂದ ಜಾರುವುದು ಹೀಗೆ. ಹಣವನ್ನು ತಡೆದಿಟ್ಟ ವ್ಯವಸ್ಥೆಯೇ, ಆ ತಡೆಯಿಂದ ಹುಟ್ಟಿದ ಗೈರುಹಾಜರಿಯನ್ನು ಮುಂದಿಟ್ಟು ಮುಂದಿನ ವರ್ಷದ ಹಣವನ್ನೂ ನಿರಾಕರಿಸುತ್ತದೆ. ತನ್ನ ಲೋಪದ ಫಲವನ್ನು ಎದುರಾಳಿಯ ಅಪರಾಧವೆಂದು ಎಣಿಸುವ ಇಂಥ ತೀರ್ಪನ್ನು ಯಾವ ನ್ಯಾಯಾಲಯವೂ ಎತ್ತಿಹಿಡಿಯಲಾರದು.

ಸ್ವಾತಂತ್ರ್ಯಕ್ಕೂ ಮೊದಲೇ, 1944ರಲ್ಲಿ ಆರಂಭವಾದ ಪರಿಶಿಷ್ಟ ಜಾತಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಹಳೆಯ ನಿಯಮಾವಳಿಯಲ್ಲಿ ಒಂದು ವಿವೇಕವಿತ್ತು. ಕಾಯಿಲೆಯಿಂದ ಪರೀಕ್ಷೆ ತಪ್ಪಿಸಿಕೊಂಡವನು ಬರೆದಿದ್ದರೆ ತೇರ್ಗಡೆಯಾಗುತ್ತಿದ್ದನೆಂದು ಪ್ರಾಂಶುಪಾಲರಿಗೆ ಮನವರಿಕೆಯಾದರೆ ವೇತನವನ್ನು ಮುಂದುವರಿಸಬಹುದಿತ್ತು. ವೈದ್ಯಕೀಯ, ಎಂಜಿನಿಯರಿಂಗ್‌ನಂಥ ಕೋರ್ಸುಗಳಲ್ಲಿ ಮೊದಲ ಸಲದ ಅನುತ್ತೀರ್ಣತೆಗೂ ಕ್ಷಮೆಯಿತ್ತು. ವಿದ್ಯಾರ್ಥಿಯನ್ನು ಹೆಸರು ಹಿಡಿದು ಬಲ್ಲ ಮನುಷ್ಯನೊಬ್ಬನ ವಿವೇಚನೆಯನ್ನು ನಿಯಮ ನಂಬಿತ್ತು. ಇಂದಿನ ತಂತ್ರಾಂಶದ ಚೌಕಗಳಲ್ಲಿ ಆ ನಂಬಿಕೆಗೆ ಜಾಗ ಕಿರಿದು. ಪಾರದರ್ಶಕತೆಯ ಹೆಸರಿನಲ್ಲಿ ನಾವು ಸೋರಿಕೆಯನ್ನು ತಡೆದದ್ದು ನಿಜ. ಅದರೊಂದಿಗೆ, ಅಹವಾಲು ಕೇಳುವ ಕಿವಿಯನ್ನೂ ಕಳೆದುಕೊಂಡೆವು.

ವಿಶ್ವವಿದ್ಯಾಲಯ ಫಲಿತಾಂಶ ಪ್ರಕಟಿಸಿದ ದಿನದಿಂದಲೇ ನವೀಕರಣದ ಅವಧಿ ಎಣಿಕೆಯಾಗಬೇಕು. ತಿರಸ್ಕೃತವಾದ ಪ್ರತಿ ಅರ್ಜಿಗೂ ಕಾರಣವನ್ನು ಕನ್ನಡದಲ್ಲಿ ಬರೆದು ತಿಳಿಸಬೇಕು, ಮೇಲ್ಮನವಿಗೆ ಅವಕಾಶ ಕೊಡಬೇಕು. ವೇತನ ತಡವಾದ ವರ್ಷದಲ್ಲಿ ಹಾಜರಾತಿಯ ಕೊರತೆಯನ್ನು ಮನ್ನಿಸುವ ಅಧಿಕಾರ ಪ್ರಾಂಶುಪಾಲರಿಗೆ ಮರಳಬೇಕು. ಇವೆಲ್ಲಕ್ಕಿಂತ ಮೊದಲು, ವಿದ್ಯಾರ್ಥಿಗಳ ತಪ್ಪಿಲ್ಲದೆ, ಕೇವಲ ಪರಿಶೀಲನೆಯಾಗದ ಕಾರಣಕ್ಕೆ ಕಳೆದ ಸಾಲಿನಲ್ಲಿ ಎಷ್ಟು ನವೀಕರಣ ಅರ್ಜಿಗಳು ಬಿದ್ದುಹೋದವು ಎಂಬ ಲೆಕ್ಕವನ್ನು ಕಾಲೇಜುವಾರು ಪ್ರಕಟಿಸಬೇಕು. ಆ ಪಟ್ಟಿಯಲ್ಲಿ ಪ್ರತಿ ಕಾಲೇಜಿನ ಎದುರು ಹೊಣೆಗಾರ ಅಧಿಕಾರಿಯ ಹುದ್ದೆಯೂ ನಮೂದಾಗಿರಲಿ.