ಎಂಜಿನ್ನಿನ ಬಾಯಾರಿಕೆ

ಮನುಷ್ಯನಿಗೆ ಜ್ವರ ಬಂದರೆ ನಾಡಿ ಹಿಡಿದು ನೋಡುವ ವೈದ್ಯನುಂಟು. ಮೋಟಾರಿಗೆ ಜ್ವರ ಬಂದರೆ ಒಡೆಯನ ಕಣ್ಣೇ ವೈದ್ಯ. ಹಳೆಯ ಪಿಕಪ್ ಗಾಡಿಗಳನ್ನು ಇಂದಿಗೂ ದುಡಿಸಿಕೊಳ್ಳುತ್ತಿರುವ ಅಮೆರಿಕದ ರೈತರು ಈ ವೈದ್ಯವನ್ನು ಚೆನ್ನಾಗಿ ಬಲ್ಲರು.

1925ರಲ್ಲಿ ಫೋರ್ಡ್ ಕಂಪನಿಯು ಕಾರ್ಖಾನೆಯಲ್ಲಿಯೇ ಸಿದ್ಧಪಡಿಸಿ ಮಾರಿದ ‘ಮಾಡೆಲ್ ಟಿ’ ಪಿಕಪ್ಪಿಗೆ ನೀರಿನ ಪಂಪೇ ಇರಲಿಲ್ಲ. ಕಾದ ನೀರು ಹಗುರಾಗಿ ಮೇಲೇರುವುದು, ತಣಿದ ನೀರು ಭಾರವಾಗಿ ಕೆಳಗಿಳಿಯುವುದು. ಈ ನಿಸರ್ಗನಿಯಮವೇ ಅದನ್ನು ತಂಪಾಗಿಟ್ಟಿತ್ತು. ಎಂಜಿನ್ನಿನ ಶಕ್ತಿ ಬೆಳೆದಂತೆ ಈ ನಿಧಾನಗತಿ ಸಾಲದಾಯಿತು. 1972ರ ಎಂಟು ಸಿಲಿಂಡರಿನ ಷೆವ್ರೊಲೆ ಸಿ-10 ಪಿಕಪ್ಪನ್ನು ನೋಡಿರಿ. ಎಂಜಿನ್ನಿನ ಮುಂಭಾಗದಲ್ಲಿ, ಬೆಲ್ಟಿನಿಂದ ತಿರುಗುವ ಪಂಪು ಕುಳಿತಿರುತ್ತದೆ. ಅದರೊಳಗಿನ ರೆಕ್ಕೆಚಕ್ರವು ರೇಡಿಯೇಟರಿನ ನೀರನ್ನು ಸೆಳೆದು ಎಂಜಿನ್ನಿನ ಒಡಲಿಗೆ ನೂಕುತ್ತದೆ.

ಈ ಪಂಪು ಒಮ್ಮೆಲೇ ಕೆಡುವುದು ಅಪರೂಪ. ಸಾಮಾನ್ಯವಾಗಿ ಮುಂಚಿತವಾಗಿಯೇ ಸುದ್ದಿ ಕಳುಹಿಸುತ್ತದೆ. ಒಳಗಿನ ಸೀಲು ಸವೆದಾಗ ಅಡಿಯ ಸಣ್ಣ ರಂಧ್ರದಿಂದ ನೀರು ತೊಟ್ಟಿಕ್ಕುವುದು. ಆ ರಂಧ್ರವನ್ನು ಬೇಕೆಂದೇ ಇಟ್ಟಿರುತ್ತಾರೆ. ಅದನ್ನು ಮುಚ್ಚಿ ಸೋರಿಕೆ ನಿಂತಿತೆಂದು ಹಿಗ್ಗುವುದು ದೂತನ ಬಾಯಿ ಕಟ್ಟಿದಂತೆ. ನೀರು ಬೇರಿಂಗಿಗೆ ನುಗ್ಗಿ ಅದನ್ನೂ ಕೆಡಿಸುವುದು. ಫ್ಯಾನು ಪಂಪಿನ ದಂಡದ ತುದಿಯಲ್ಲಿಯೇ ಇರುವುದರಿಂದ, ಬೇರಿಂಗು ಸಡಿಲವಾದರೆ ಫ್ಯಾನಿನ ಅಲಗು ರೇಡಿಯೇಟರನ್ನೇ ಸೀಳೀತು. ಎಂಜಿನ್ ಮಿತಿಮೀರಿ ಕಾದು ಸಿಲಿಂಡರ್ ಹೆಡ್ಡು ಸೊಟ್ಟಗಾದರಂತೂ ಮೂಗಿಗಿಂತ ಮೂಗುತಿ ಭಾರವೆಂಬಂತಾಗುವುದು.

ಹೊಸ ಪಂಪು ಜೋಡಿಸುವುದು ಅಸಾಧ್ಯದ ಕೆಲಸವೇನಲ್ಲ, ತಾಳ್ಮೆ ಬೇಕು. ಎಂಜಿನ್ ಪೂರ್ತಿ ತಣಿಯುವ ತನಕ ರೇಡಿಯೇಟರಿನ ಮುಚ್ಚಳವನ್ನು ಮುಟ್ಟಕೂಡದು. ಒತ್ತಡದಲ್ಲಿರುವ ನೀರು 100 ಡಿಗ್ರಿ ಸೆಂಟಿಗ್ರೇಡ್ ದಾಟಿಯೂ ಕುದಿಯದೆ ಅಡಗಿರುವುದು; ಮುಚ್ಚಳ ತೆರೆದೊಡನೆ ಉಕ್ಕಿ ಮುಖವನ್ನು ಸುಡುವುದು. ಬ್ಯಾಟರಿಯ ತಂತಿ ಬಿಚ್ಚಿ, ನೀರು ಬಸಿದು, ಫ್ಯಾನು, ಬೆಲ್ಟು, ರಬ್ಬರ್ ಕೊಳವೆಗಳು ಮತ್ತು ಅಡ್ಡಬರುವ ಬ್ರಾಕೆಟ್ಟುಗಳನ್ನು ಕಳಚಿದರೆ, ಪಂಪನ್ನು ಹಿಡಿದಿರುವ ನಾಲ್ಕು ಬೋಲ್ಟುಗಳು ಕೈಗೆಟಕುವುವು. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆಯೂ ಸಮಯವೂ ಬೇಕು. ಬಲಪ್ರಯೋಗದಿಂದ ಅದು ಮುರಿದು ಒಳಗುಳಿದರೆ, ಅದನ್ನು ಕೊರೆದು ತೆಗೆಯುವುದೇ ಬೇರೊಂದು ಕೆಲಸವಾಗುವುದು.

ಹಳೆಯ ಪಂಪನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿಯೇ ಮುಂದುವರಿಯಬೇಕು. ಈ ಜಾತಿಯ ಎಂಜಿನ್ನಿಗೆ ಗಿಡ್ಡ ಪಂಪೂ ಉಂಟು, ಉದ್ದ ಪಂಪೂ ಉಂಟು. ಎರಡರ ಬೋಲ್ಟುಗಳ ಸ್ಥಾನ ಒಂದೇ. ಉದ್ದದಲ್ಲಿ ಮಾತ್ರ ಒಂದು ಅಂಗುಲಕ್ಕೂ ಮಿಕ್ಕ ಅಂತರ. ತಪ್ಪಿದರೆ ಬೆಲ್ಟು ನೇರವಾಗಿ ಕೂರದು. ಹಳೆಯ ಗ್ಯಾಸ್ಕೆಟ್ಟಿನ ಚೂರೊಂದು ಉಳಿದರೂ ನೀರು ಸೋರುವುದು. ಆದುದರಿಂದ ಲೋಹ ಹೊಳೆಯುವಂತೆ ಕೆರೆದು, ಹೊಸ ಗ್ಯಾಸ್ಕೆಟ್ಟಿಟ್ಟು, ಬೋಲ್ಟುಗಳನ್ನು ಸರದಿಯಂತೆ ಸುಮಾರು 30 ಅಡಿ-ಪೌಂಡಿನಷ್ಟು ಬಿಗಿಯಬೇಕು. ಬಳಿಕ ನೀರು ತುಂಬಿ ಎಂಜಿನ್ ನಡೆಸಿ, ಒಳಗೆ ಸಿಕ್ಕಿದ ಗಾಳಿ ಹೊರಟಮೇಲೆ ಕಡಮೆಬಿದ್ದುದನ್ನು ಮತ್ತೆ ತುಂಬಬೇಕು.

ಗೃಹಸ್ಥರು ನೆನಪಿಡಬೇಕಾದ ಮಾತೊಂದಿದೆ. ನೀರು ಹೆಪ್ಪುಗಟ್ಟದಂತೆ ಬೆರೆಸುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣಕ್ಕೆ ವಿಷ. ಬಸಿದ ದ್ರವವನ್ನು ಅಂಗಳದಲ್ಲಿ ತೆರೆದಿಟ್ಟರೆ ನಾಯಿಗೂ ಅಪಾಯ, ಆಡುವ ಮಗುವಿಗೂ ಅಪಾಯ. ಒಡನೆಯೇ ಡಬ್ಬಿಗೆ ತುಂಬಿ, ಮುಚ್ಚಿ, ದೂರವಿಡಬೇಕು.

ಅಟ್ಟ ಮೇಲೆ ಒಲೆ ಉರಿದರೆ ಫಲವೇನು? ಗಾಡಿಯಡಿಯ ನೆಲದಲ್ಲಿ ಮೊದಲ ಹನಿ ಕಂಡ ದಿನವೇ ಬಗ್ಗಿ ನೋಡಿದವನ ಗಾಡಿ ದಾರಿಯಲ್ಲಿ ಕೈಕೊಡುವುದು ಅಪರೂಪ.